ಕರೆಯದ ಹೊಲಕ್ಕೆ ಕುರಿ ಬರುವುದಿಲ್ಲ

ವೆಬ್‌ಸೈಟ್ ಮಾಡುವ ಕೆಲಸವನ್ನು ನಾನು ಕಲಿತದ್ದು ತೆಲಂಗಾಣದ ಗಡಿಯ ಜಹೀರಾಬಾದಿನ ಒಂದು ಛಾಪಖಾನೆಯಲ್ಲಿ, ಲಗ್ನದ ಕಾರ್ಡ್ ಜೋಡಿಸುತ್ತ. ಹೀಗೆಂದರೆ ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಮುಸಿಮುಸಿ ನಗುತ್ತಾರೆ. ನಗಲಿ. ಸರ್ಕಾರದ ದುಡ್ಡಿನಲ್ಲಿ, ನಾಲ್ಕಾರು ಸಂಸ್ಥೆಗಳು ಕೈಜೋಡಿಸಿ ನಡೆಸುವ ಯೋಜನೆಯ ವೆಬ್‌ಸೈಟ್ ಎಂದರೆ ದೊಡ್ಡ ಮನೆತನದ ಲಗ್ನದ ಕಾರ್ಡೇ ಎಂದು ನಿವೃತ್ತನಾದ ಮೇಲೂ ನಾನು ನಂಬಿದ್ದೇನೆ. ಯಾಕೆ ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಉಪಯೋಗವಾದರೆ ತೆಗೆದುಕೊಳ್ಳಿ, ಇಲ್ಲವಾದರೆ ಮುದುಕನ ಹರಟೆ ಎಂದುಕೊಂಡು ಬಿಟ್ಟುಬಿಡಿ.

ಆ ಛಾಪಖಾನೆಯಲ್ಲಿ ತೆಲುಗು, ಕನ್ನಡ, ಉರ್ದು ಮೂರರಲ್ಲೂ ಕಾರ್ಡ್ ಆಗುತ್ತಿತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಮಾತಾಡಿ ಬೆಳೆದ ನಮ್ಮ ಕಡೆಯವರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಕಷ್ಟವಿದ್ದದ್ದು ಹೆಸರುಗಳಲ್ಲಿ. ಕಾರ್ಡಿನ ಕೆಳಗೆ ‘ಸುಖಾಗಮನ ಬಯಸುವವರು’ ಎಂದು ಬರುತ್ತದಲ್ಲ, ಅಲ್ಲಿ ತಮ್ಮ ಹೆಸರು ಒಂದು ಸಾಲು ಕೆಳಗೆ ಹೋಯಿತೆಂದು ಝರಾಸಂಗಂನ ಒಬ್ಬ ಸೋದರಮಾವ ಕಾರ್ಡಿನ ಕಟ್ಟನ್ನೇ ನಮ್ಮ ಮೇಜಿನ ಮೇಲೆ ಒಗೆದು ಹೋಗಿದ್ದರು. ನಮ್ಮ ಮಾಲೀಕರು ಹೇಳುತ್ತಿದ್ದ ಮಾತು ಇಷ್ಟೇ: ಕಾರ್ಡನ್ನು ಬಸ್ಸಿಳಿದು ನಿಂತವನ ಕಣ್ಣಿನಿಂದ ಓದು, ಅವನಿಗೆ ದಾರಿ ಗೊತ್ತಾಯಿತೋ ನೋಡು. ಇನ್ನೊಂದನ್ನು ಅವರು ಹೇಳಲಿಲ್ಲ, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಬರೀ ಕಾರ್ಡ್ ಕಳಿಸಿದರೆ ಯಾರೂ ಲಗ್ನಕ್ಕೆ ಬರುವುದಿಲ್ಲ. ಮನೆಯವರು ಬಾಗಿಲಿಗೆ ಬಂದು, ಹಣೆಗೆ ಕುಂಕುಮ ಹಚ್ಚಿ, ಬಾಯಿಬಿಟ್ಟು ಕರೆಯಬೇಕು. ಈ ಎರಡನೆಯ ಮಾತು ನನಗೆ ಎಷ್ಟು ಉಪಯೋಗಕ್ಕೆ ಬಂತೆಂಬುದೇ ಈ ಬರಹ.

ಕಾಲ ಬದಲಾಯಿತು. ಕಾರ್ಡುಗಳು ಫೋನಿನಲ್ಲೇ ಹೋಗತೊಡಗಿದವು, ಛಾಪಖಾನೆ ಸೊರಗಿತು. ಅದೇ ಹೊತ್ತಿಗೆ ನಮ್ಮ ಭಾಗಕ್ಕೆ ಒಂದು ಸಹಕಾರ ಯೋಜನೆ ಬಂತು. ತಾಂಡೂರಿನ ತೊಗರಿ ಬೆಳೆಗಾರರು, ನಾರಾಯಣಖೇಡ ಮತ್ತು ಕಂಗ್ಟಿ ಕಡೆಯ ಕುರಿ ಸಾಕುವವರು, ಜಹೀರಾಬಾದಿನ ಪೇಟೆ, ಈ ಮೂವರನ್ನೂ ಒಬ್ಬರಿಗೊಬ್ಬರು ಕೂಡಿಸಿಕೊಡುವುದು ಅದರ ಉದ್ದೇಶ. ಮೂರು ಲಿಪಿ ಓದಬಲ್ಲವರು ಬೇಕೆಂದು ನನ್ನನ್ನು ತೆಗೆದುಕೊಂಡರು. ಆಮೇಲೆ ನನ್ನ ಹುದ್ದೆಯ ಹೆಸರು ಒಂದೆರಡು ಸಲ ಬದಲಾಯಿತು, ಕುರ್ಚಿ ಮಾತ್ರ ಅದೇ ಇತ್ತು. ಯೋಜನೆಯ ಮುಖ್ಯಸ್ಥೆ ಸುಜಾತಾ ಮೇಡಂ ಹೈದರಾಬಾದಿನವರು, ಕನ್ನಡ ಬಾರದವರು, ಆದರೆ ಎದುರಿನವರ ಮಾತು ಮುಗಿಯುವ ತನಕ ಬಾಯಿ ತೆರೆಯದವರು. ಅಂಥ ಅಧಿಕಾರಿ ಸಿಗುವುದು ಪುಣ್ಯ. ವೆಬ್‌ಸೈಟನ್ನು ಕಟ್ಟುವವನು ಖಲೀಲ್, ನಮ್ಮ ಜಹೀರಾಬಾದಿನವನೇ. ಚಹಾ ಸಿಗದಿದ್ದರೆ ಅವನ ಕೈಯೂ ಓಡುತ್ತಿರಲಿಲ್ಲ, ಕಂಪ್ಯೂಟರೂ ಓಡುತ್ತಿರಲಿಲ್ಲ.

ಮೊದಲ ಜಗಳ ಲಾಂಛನಗಳದ್ದು. ದುಡ್ಡು ಕೊಟ್ಟವರ ಲಾಂಛನ ಮೇಲೆ ಇರಬೇಕು, ಪಾಲುದಾರರದ್ದೆಲ್ಲ ಒಂದೇ ಅಳತೆಯಲ್ಲಿ ಕೆಳಗಿನ ಸಾಲಿನಲ್ಲಿ ಇರಬೇಕು ಎಂಬುದು ನಿಯಮ. ಅಳತೆಯೇನೋ ಸರಿ, ಸಾಲಿನಲ್ಲಿ ಮೊದಲು ಯಾರು? ಕೊನೆಯ ಜಾಗ ಸಿಕ್ಕ ಸಂಸ್ಥೆಯ ಕಾರ್ಯದರ್ಶಿಗಳು ದಿನಾ ಫೋನ್ ಮಾಡುತ್ತಿದ್ದರು. ನನಗೆ ಝರಾಸಂಗಂನ ಸೋದರಮಾವ ನೆನಪಾದರು. ನಾನು ಕಾರ್ಯದರ್ಶಿಗಳನ್ನು ಕರೆದು ಕೂರಿಸಿ ಉರ್ದು ಪುಟ ತೆರೆದು ತೋರಿಸಿದೆ. ಉರ್ದುವನ್ನು ಬಲದಿಂದ ಎಡಕ್ಕೆ ಓದುವುದರಿಂದ ಅಲ್ಲಿ ಅವರೇ ಮೊದಲು. ಅವರು ತುಂಬ ಹೊತ್ತು ಅದನ್ನೇ ನೋಡಿ, ಚಹಾ ಕುಡಿದು, ಸಮಾಧಾನದಿಂದ ಹೋದರು. ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ ಎಂಬುದು ಬೇರೆ ಮಾತು.

ಉದ್ಘಾಟನೆಯ ದಿನ ಇನ್ನೊಂದು ಫಜೀತಿ. ಮೊದಲ ಪುಟದ ತುಂಬ ಗಣ್ಯರ ದೊಡ್ಡ ದೊಡ್ಡ ಫೋಟೋ ಹಾಕಿಸಿದ್ದರು. ಮುಖ್ಯ ಅತಿಥಿಗಳು ಗುಂಡಿ ಒತ್ತಿದರು, ಪರದೆಯ ಮೇಲೆ ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಹಿಂದಿನ ಸಾಲಿನವರು ಎದ್ದು ಉಪ್ಪಿಟ್ಟಿನ ಕಡೆ ನಡೆದರು. ಖಲೀಲ್ ಮುಂಜಾಗ್ರತೆಗೆಂದು ಪುಟದ ಚಿತ್ರವೊಂದನ್ನು ತೆಗೆದಿಟ್ಟಿದ್ದ, ಅದನ್ನೇ ಪರದೆಗೆ ಬಿಟ್ಟ. ಚಪ್ಪಾಳೆ ಬಿತ್ತು. ಅಂದರೆ ಆ ದಿನ ಉದ್ಘಾಟನೆಯಾದದ್ದು ವೆಬ್‌ಸೈಟಲ್ಲ, ಅದರ ಫೋಟೋ. ಸಭಾಂಗಣದಲ್ಲೇ ತೆರೆಯದ ಪುಟ ಕಂಗ್ಟಿಯಲ್ಲಿ ಕುರಿಯ ಹಿಂದೆ ನಡೆಯುವವರ ಹಳೇ ಫೋನಿನಲ್ಲಿ ತೆರೆಯುವುದುಂಟೆ ಎಂದು ಮೇಡಂ ಮರುದಿನವೇ ಫೋಟೋಗಳನ್ನೆಲ್ಲ ತೆಗೆಸಿದರು. ಗಣ್ಯರಲ್ಲಿ ಯಾರೊಬ್ಬರೂ ಕೇಳಲಿಲ್ಲ. ಅವರೂ ವೆಬ್‌ಸೈಟ್ ನೋಡುತ್ತಿರಲಿಲ್ಲ ಎಂದು ಆಗ ತಿಳಿಯಿತು.

ಇನ್ನು ಕನ್ನಡ ಅನುವಾದ. ಅದನ್ನು ದೂರದ ಒಂದು ಅನುವಾದದ ಕಂಪನಿಗೆ ವಹಿಸಿದ್ದರು. ಎಲ್ಲ ವೆಬ್‌ಸೈಟಿನಲ್ಲೂ ಮೊದಲ ಪುಟಕ್ಕೆ ಮರಳುವ ಗುಂಡಿ ಇರುತ್ತದಲ್ಲ, ಅದರ ‘ಹೋಮ್’ ಎಂಬ ಇಂಗ್ಲಿಷ್ ಪದವನ್ನು ಅವರು ಇದ್ದ ಹಾಗೇ ಕನ್ನಡಿಸಿ ‘ಮನೆ’ ಎಂದು ಹಾಕಿದ್ದರು. ಮೇಲೆ ಸರ್ಕಾರದ ಲಾಂಛನ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಮನೆ’. ಇನ್ನೇನು ಬೇಕು? ಸರ್ಕಾರ ಮನೆ ಕೊಡುತ್ತಿದೆ ಎಂದು ಸುದ್ದಿ ಹಬ್ಬಿತು. ಒತ್ತಿದರೆ ತಿರುಗಿ ಅದೇ ಪುಟ ಬರುತ್ತಿತ್ತು. ಅರ್ಜಿ ತುಂಬಿಹೋಗಿರಬೇಕು, ಅದಕ್ಕೇ ತೆರೆಯುತ್ತಿಲ್ಲ ಎಂದುಕೊಂಡು ಜನ ನಾರಾಯಣಖೇಡದ ನಮ್ಮ ಆಫೀಸಿಗೇ ಬಂದರು, ಕೈಯಲ್ಲಿ ಕಾಗದಪತ್ರದ ಝೆರಾಕ್ಸ್ ಹಿಡಿದುಕೊಂಡು. ಒಬ್ಬೊಬ್ಬರನ್ನೂ ಕೂರಿಸಿ, ಇದು ಅಂಥ ಮನೆಯಲ್ಲ ಎಂದು ಹೇಳಿ ಕಳಿಸುವುದರಲ್ಲಿ ನನಗೆ ಸಾಕುಸಾಕಾಯಿತು. ಮನೆಯಿಲ್ಲದವರಿಗೆ ಮನೆಯಿಲ್ಲ ಎಂದು ಹೇಳುವುದು ನಗುವ ವಿಷಯವಲ್ಲ, ಆ ವಾರ ನನಗೆ ಊಟ ಸೇರಲಿಲ್ಲ.

ಹಾಗೆ ಬಂದವರ ಸಾಲಿನ ಕೊನೆಯಲ್ಲಿ ಲಕ್ಕವ್ವ ನಿಂತಿದ್ದಳು. ಕಂಗ್ಟಿ ಕಡೆಯ ಹೆಣ್ಣುಮಗಳು, ಕುರಿ ಸಾಕುವ ಮನೆಯವಳು. ಕೈಯಲ್ಲಿ ಕಾಗದ ಏನೂ ಇರಲಿಲ್ಲ. ಇದು ಮನೆ ಕೊಡುವ ಆಫೀಸಲ್ಲ ಎಂದು ನಾನು ಶುರುಮಾಡುವಷ್ಟರಲ್ಲಿ ಅವಳೇ ಅಂದಳು:

“ಮನಿ ಬ್ಯಾಡ್ರಿ ಅಣ್ಣಾರ. ಹೊಲ ತೋರಸ್ರಿ.”

ಅವಳ ಕಥೆ ಹೀಗಿತ್ತು. ನಮ್ಮ ಕಡೆ ಬೆಳೆ ಕೊಯ್ದ ಮೇಲೆ ಖಾಲಿ ಹೊಲದಲ್ಲಿ ರಾತ್ರಿ ಹೊತ್ತು ಕುರಿ ನಿಲ್ಲಿಸುವ ಪದ್ಧತಿಯಿದೆ. ಹಿಕ್ಕೆ, ಗಂಜಲ ಬಿದ್ದು ಹೊಲಕ್ಕೆ ಒಳ್ಳೆಯ ಗೊಬ್ಬರ. ಕುರಿಗೆ ಅಲ್ಲಿಯ ಹೊಟ್ಟು, ಉದುರೆಲೆ ಮೇವು. ಕುರಿಯವರಿಗೆ ಜೋಳ, ಬೇಳೆ. ಲಕ್ಕವ್ವನ ಗಂಡ ವರ್ಷವರ್ಷವೂ ಒಂದೇ ದಾರಿ ಹಿಡಿದು ಹೋಗುತ್ತಿದ್ದ, ದಾರಿಯುದ್ದ ಅವನನ್ನು ಕರೆಯುವ ಹೊಲದವರು ಇದ್ದರು. ಈಗ ಅವನು ಬಿದ್ದು ಕಾಲು ಮುರಿದುಕೊಂಡಿದ್ದ, ದೂರ ನಡೆಯಲಾರ. ಅಷ್ಟೇ ಆಗಿದ್ದರೆ ಅವಳೂ ಮೈದುನನೂ ಹಿಂಡು ಹೊಡೆದುಕೊಂಡು ಹೋಗುತ್ತಿದ್ದರು. ಆದರೆ ಆ ದಾರಿಯ ಹೊಲಗಳಿಗೆಲ್ಲ ಕಬ್ಬು ಬಂದಿತ್ತು. ಕಬ್ಬಿನ ಹೊಲ ಖಾಲಿ ಬೀಳುವುದೇ ಇಲ್ಲ, ಕುರಿ ನಿಲ್ಲುವುದೆಲ್ಲಿ? ಆ ಸಲ ಯಾರೂ ಕರೆದಿರಲಿಲ್ಲ. ತೊಗರಿ ಕೊಯ್ಲು ಮುಗಿಯುವುದರೊಳಗೆ ಹೊಸ ಹೊಲ ಸಿಗದಿದ್ದರೆ ಹಿಂಡನ್ನೇ ಮಾರುವುದೆಂದು ಮನೆಯಲ್ಲಿ ಮಾತಾಗಿತ್ತು. ಇದನ್ನು ಹೇಳುವಾಗ ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು.

ನನಗೆ ಖುಷಿಯೇ ಆಯಿತು. ಯಾಕೆಂದರೆ ನಮ್ಮ ವೆಬ್‌ಸೈಟಿನಲ್ಲಿ ಇದಕ್ಕೆಂದೇ ಒಂದು ಪುಟ ಇತ್ತು. ಅದರ ಹೆಸರು ‘ಜೈವಿಕ ಗೊಬ್ಬರ ವಿನಿಮಯ ವೇದಿಕೆ’. ಅಲ್ಲಿಯವರೆಗೆ ಅದನ್ನು ಯಾರೂ ತೆರೆದಿರಲಿಲ್ಲ. ಕುರಿಯವರು ತಮ್ಮ ಹೆಸರು, ಊರು, ಫೋನ್ ಹಾಕಿ ತಮಗೆ ಹೊಲ ಬೇಕೆಂದು ನೋಂದಾಯಿಸಬೇಕು, ಹೊಲದವರು ಅದನ್ನು ನೋಡಿ ಆರಿಸಿಕೊಳ್ಳಬೇಕು. ನಾನು ಅವಳ ಹೆಸರು ಬರೆಯಲು ಕೂತೆ. ಇದನ್ನು ಯಾರು ಓದುತ್ತಾರೆ ಎಂದು ಅವಳು ಕೇಳಿದಳು. ತಾಂಡೂರು ಕಡೆಯ ಹೊಲದವರು ಎಂದೆ. ಅವಳು ಎದ್ದು ನಿಂತಳು.

“ಅಂದ್ರ ನಾನ ಹೋಗಿ ಕೇಳ್ದಂಗಾತಲ್ರಿ?”

“ಕೇಳಿದ್ರ ಏನಾತವ್ವ?”

“ನಾವು ಕೇಳ್ಕೋತ ಹೋಗಂಗಿಲ್ರಿ ಅಣ್ಣಾರ. ಹೊಲದಾಂವ ಕರೀಬೇಕು, ನಾವು ಹೋಗಬೇಕು. ಕರೀಲಾರದ ಹೊಲಕ್ಕ ನಮ್ಮ ಕುರಿ ಕಾಲಿಡಂಗಿಲ್ಲ. ಹೆಸರ ಅಳಸ್ರಿ.”

ಅಳಿಸಿದೆ. ಅವಳು ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ನಾನು ಮಾತ್ರ ಆ ಖಾಲಿ ಪುಟದ ಮುಂದೆ ಕೂತೇ ಇದ್ದೆ. ಹಿಂಡು ಮಾರುವ ಹೊತ್ತು ಬಂದಿದೆ, ಆದರೂ ಈ ಹೆಂಗಸು ಕೇಳಲೊಲ್ಲಳು ಎಂದು ಮೊದಲು ಸಿಟ್ಟು ಬಂತು. ಆಮೇಲೆ ಛಾಪಖಾನೆ ನೆನಪಾಯಿತು. ಲಗ್ನಕ್ಕೆ ನನ್ನನ್ನೂ ಕರೆಯಿರಿ ಎಂದು ಯಾರಾದರೂ ಹೋಗಿ ಕೇಳಿದ್ದುಂಟೇ? ಎಷ್ಟೇ ಹಸಿದಿರಲಿ, ಕರೆಯದ ಊಟಕ್ಕೆ ಹೋಗಿ ಕೂತವರುಂಟೇ? ಹೊಲದವನು ತಾನಾಗಿ ಹಿಂಡಿನ ಹತ್ತಿರ ಬಂದು, ತೆಂಗಿನಕಾಯಿ ಕೊಟ್ಟು, ನಮ್ಮ ಹೊಲಕ್ಕೆ ಬನ್ನಿ ಎಂದು ಕರೆಯುವುದು ಈ ಜನರ ರೀತಿ. ನಾವು ಅದನ್ನು ತಲೆಕೆಳಗು ಮಾಡಿ, ಕರೆಸಿಕೊಳ್ಳುವವರನ್ನು ಅರ್ಜಿದಾರರ ಸಾಲಿನಲ್ಲಿ ನಿಲ್ಲಿಸಿದ್ದೆವು. ಪುಟ ಬಿಕೋ ಎನ್ನದೆ ಇನ್ನೇನಾಗುತ್ತದೆ?

ಖಲೀಲ್‌ಗೆ ಹೇಳಿದಾಗ ಅವನು ನೆತ್ತಿ ಕೆರೆದುಕೊಂಡ. “ಶಿವರಾಜ್ ಭಾಯ್, ಅಂದ್ರ ದಾವತ್ ಅವ್ರು ಕೊಡಬೇಕು, ಮೆಹಮಾನ್ ಇವ್ರು. ನಾವು ಮೆಹಮಾನ್ ಕೈಲೆ ಫಾರ್ಮ್ ತುಂಬಸಾಕತ್ತೀವಿ,” ಎಂದ. ಕರೆ ಯಾರದು, ಅತಿಥಿ ಯಾರು ಎಂದು ನಾನು ಇಡೀ ದಿನ ಹುಡುಕುತ್ತಿದ್ದ ಮಾತು ಅವನ ಬಾಯಲ್ಲಿ ಸಲೀಸಾಗಿ ಬಂದಿತ್ತು.

ಬದಲಾಯಿಸುವುದು ಅಷ್ಟು ಸುಲಭವಿರಲಿಲ್ಲ. ಸಾರ್ವಜನಿಕ ದುಡ್ಡಿನ ಯೋಜನೆಯಲ್ಲಿ ವೆಬ್‌ಸೈಟಿನ ಒಂದೊಂದು ಪುಟಕ್ಕೂ ಮಂಜೂರಾತಿ ಇರುತ್ತದೆ. ಹೊಸ ಪುಟಕ್ಕೆ ಮೇಲಿನವರ ಒಪ್ಪಿಗೆ ಬೇಕು, ಅದು ಬರುವಷ್ಟರಲ್ಲಿ ತೊಗರಿ ಕೊಯ್ಲಿರಲಿ, ಮುಂದಿನ ಬಿತ್ತನೆಯೂ ಮುಗಿದಿರುತ್ತದೆ. ಸುಜಾತಾ ಮೇಡಂ ಯೋಜನೆಯ ಮೂಲ ದಾಖಲೆ ತೆಗೆದು ಆ ಪುಟದ ಬಗ್ಗೆ ಬರೆದ ವಾಕ್ಯವನ್ನು ಮೂರು ಸಲ ಓದಿದರು. ಅಲ್ಲಿ ‘ಭಾಗವಹಿಸುವವರು ನೋಂದಾಯಿಸಬೇಕು’ ಎಂದು ಮಾತ್ರ ಇತ್ತು. ಹೊಲದವರೂ ಭಾಗವಹಿಸುವವರೇ ತಾನೆ ಎಂದು ಅವರು ಕನ್ನಡಕ ತೆಗೆದು ನಕ್ಕರು. ನಿಯಮಕ್ಕೆ ಎದುರಾಡದೆ ಅದರೊಳಗೇ ಜಾಗ ಹುಡುಕಿಕೊಡುವ ಅಧಿಕಾರಿಗಳು ಇದ್ದಾರೆ. ಸಿಕ್ಕರೆ ಅವರನ್ನು ಕಳೆದುಕೊಳ್ಳಬೇಡಿ.

ಹೊಸ ಪುಟದಲ್ಲಿ ಹೊಲದವರು ಕರೆಯುವುದು, ಕುರಿಯವರು ಕೇಳುವುದು. ಕೇಳುವುದು ಎಂದರೆ ನಿಜವಾಗಿ ಕಿವಿಯಿಂದ ಕೇಳುವುದು. ಬರೆದ ಕರೆ ಬರೀ ಕಾರ್ಡಾಗುತ್ತದೆ, ಬಾಯಿಂದ ಕರೆದ ಹಾಗಾಗುವುದಿಲ್ಲ ಎಂದು ನಾನು ಹಟ ಹಿಡಿದೆ. ಖಲೀಲ್ ಧ್ವನಿ ಮುದ್ರಿಸಿ ಹಾಕುವ ಏರ್ಪಾಡು ಮಾಡಿದ. ಪುಟದ ಹೆಸರನ್ನೂ ಬದಲಾಯಿಸಿ, ‘ನಮ್ಮ ಹೊಲದಾಗ ಕುರಿ ನಿಲ್ಲಸ್ರಿ’ ಎಂದು ಬರೆದೆವು. ಇದು ಗ್ರಾಮ್ಯ, ಶುದ್ಧ ಕನ್ನಡ ಹಾಕಿ ಎಂದು ಅನುವಾದದ ಕಂಪನಿಯವರು ಬರೆದರು. ನಾನೂ ಬರೆಯುವಾಗ ಪುಸ್ತಕದ ಕನ್ನಡವನ್ನೇ ಬರೆಯುತ್ತೇನೆ, ಈಗಲೂ ಬರೆಯುತ್ತಿದ್ದೇನೆ, ಅದರ ಮೇಲೆ ನನಗೆ ಪ್ರೀತಿಯಿದೆ. ಆದರೆ ಒಬ್ಬರನ್ನು ಕರೆಯುವಾಗ ಅವರ ಮನೆಯಲ್ಲಿ ಆಡುವ ಮಾತಿನಲ್ಲಿ ಕರೆಯಬೇಕು. ಅವರ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ.

ಧ್ವನಿ ಮುದ್ರಿಸಿಕೊಳ್ಳಲು ಖಲೀಲ್‌ನೂ ನಾನೂ ಬಸ್ ಹಿಡಿದು ತಾಂಡೂರಿಗೆ ಹೋದೆವು. ಮೊದಲು ಸಿಕ್ಕವರು ಸಂಗಣ್ಣ, ತೊಗರಿ ಬೆಳೆಯುವ ರೈತರು, ಹಣೆಯ ತುಂಬ ವಿಭೂತಿ, ಊರಿಗೆಲ್ಲ ಬೇಕಾದವರು. ರಾಸಾಯನಿಕ ಹಾಕಿ ಹಾಕಿ ತಮ್ಮ ಹೊಲದ ಮಣ್ಣು ಗಟ್ಟಿಯಾಗಿದೆ, ಮೊದಲು ಬರುತ್ತಿದ್ದ ಕುರಿಯವರು ಯಾಕೋ ಈ ಕಡೆ ಬರುವುದೇ ಬಿಟ್ಟರು ಎಂದು ಅವರೇ ಕೊರಗುತ್ತಿದ್ದರು. ಅಷ್ಟು ಮಾತಾಡುವ ಮನುಷ್ಯ ಖಲೀಲ್ ಫೋನ್ ಮುಂದೆ ಹಿಡಿದದ್ದೇ ಸೆಟೆದು ನಿಂತು, ‘ಸಮಸ್ತ ಕುರಿಗಾಹಿ ಬಾಂಧವರಲ್ಲಿ ಸವಿನಯ ವಿನಂತಿ’ ಎಂದು ರೇಡಿಯೋ ವಾರ್ತೆಯ ಧಾಟಿಯಲ್ಲಿ ಶುರುಮಾಡಿದರು. ನಾನು ತಡೆದೆ. ನಿಮ್ಮ ಮನೆಯ ಲಗ್ನಕ್ಕೆ ಬೀಗರನ್ನು ಹೇಗೆ ಕರೆಯುತ್ತೀರಿ, ಹಾಗೆ ಕರೆಯಿರಿ ಎಂದೆ. ಅವರು ನನ್ನ ಮುಖ ನೋಡಿದರು, ಒಂದು ಸಲ ಜೋರಾಗಿ ಕೆಮ್ಮಿದರು, ಆಮೇಲೆ ತಣ್ಣಗೆ ಶುರುಮಾಡಿದರು:

“ನಾ ತಾಂಡೂರ ಕಡಿ ಸಂಗಣ್ಣ ಮಾತಾಡಾಕತ್ತೀನ್ರಿ. ತೊಗರಿ ಕೊಯ್ದು ಹೊಲ ಖಾಲಿ ಆಗ್ಯಾದ. ನೀರ ಅದ, ಬೇವಿನ ಗಿಡದ ನೆಳ್ಳ ಅದ. ಹೊಲ ನಿಮ್ಮದೇ ಅನಕೊಂಡು ಬರ್ರಿ. ತಪ್ಪಸಬ್ಯಾಡ್ರಿ.”

ಖಲೀಲ್ ಆ ಕೆಮ್ಮನ್ನು ಕತ್ತರಿಸಬೇಕೆಂದ. ನಾನು ಬಿಡಲಿಲ್ಲ. ಮನುಷ್ಯ ಕರೆಯುತ್ತಿದ್ದಾನೆ ಎಂದು ಗೊತ್ತಾಗುವುದೇ ಅದರಿಂದ.

ಲಕ್ಕವ್ವನಿಗೆ ಫೋನ್ ಮಾಡಿ ಆಫೀಸಿಗೆ ಬರಹೇಳಿದೆ. ಮುಖ ಗಂಟಿಕ್ಕಿಕೊಂಡೇ ಬಂದಳು, ಇನ್ನೊಂದು ಅರ್ಜಿ ಇರಬೇಕೆಂದು. ನಾನು ಗುಂಡಿ ಒತ್ತಿದೆ. ಸಂಗಣ್ಣನ ಕೆಮ್ಮು, ಆಮೇಲೆ ಸಂಗಣ್ಣನ ಮಾತು. ಇನ್ನೊಮ್ಮೆ ಹಚ್ಚಲು ಹೇಳಿದಳು. ಜೋಳ ಎಷ್ಟು ಕೊಡುತ್ತಾರೆ, ಎಷ್ಟು ದಿನ ನಿಲ್ಲಿಸಿಕೊಳ್ಳುತ್ತಾರೆ ಎಂದು ಕೇಳಬಹುದೆಂದು ನಾನು ಕಾಯುತ್ತಿದ್ದೆ.

“ಕೆಮ್ಮ ಭಾಳ ಅದಲ್ರಿ ಆತಗ,” ಎಂದಳು. “ಮಾತಿನಾಗ ಮಾತ್ರ ಕಪಟಿಲ್ಲ.”

ಹಾಗಾದರೆ ಏನು ಮಾಡುತ್ತೀಯವ್ವ ಎಂದು ಕೇಳಿದೆ.

“ಏನ ಮಾಡೂದ್ರಿ? ಕರದಾನ, ಹೋಗ್ತೀವಿ.”

ಹಿಂಡು ಮಾರುವ ಮಾತು ಅಲ್ಲಿಗೆ ನಿಂತಿತು. ಕೆಲವು ದಿನಗಳ ಮೇಲೆ ಬಸ್ಸಿನಲ್ಲಿ ತಾಂಡೂರಿಗೆ ಹೋಗುವಾಗ ಕೊಹೀರ್ ಊರು ದಾಟಿದ ಮೇಲೆ ರಸ್ತೆ ಬದಿಗೆ ಒಂದು ಹಿಂಡು ಕಂಡಿತು. ಮುಂದೆ ಮೈದುನ, ಹಿಂದೆ ಲಕ್ಕವ್ವ, ಹೆಗಲ ಮೇಲೆ ಅಂದೇ ಹುಟ್ಟಿದಂತಿದ್ದ ಮರಿ. ಎದ್ದು ಕಿಟಕಿಯಿಂದ ಕೈಬೀಸಿದೆ. ಅವಳು ನನ್ನನ್ನು ನೋಡಲಿಲ್ಲ, ಲಾರಿಗಳಿಂದ ಕುರಿಗಳನ್ನು ಉಳಿಸಿಕೊಳ್ಳುವ ಗಡಿಬಿಡಿಯಲ್ಲಿದ್ದಳು. ಪಕ್ಕದಲ್ಲಿ ಕೂತವರು ನಿಮ್ಮ ಸಂಬಂಧಿಕರೇ ಎಂದು ಕೇಳಿದರು. ಹೌದೆಂದುಬಿಟ್ಟೆ. ನನ್ನ ಕೆಲಸದ ಬದುಕಿನಲ್ಲಿ ಅಂಥ ಸಂತೋಷ ಬೇರೆ ಯಾವ ದಿನವೂ ಆಗಿಲ್ಲ.

ಆ ವರ್ಷ, ಅದರ ಮುಂದಿನ ವರ್ಷ ಆ ಪುಟ ಚೆನ್ನಾಗಿ ನಡೆಯಿತು. ಹೊಲದವರು ಒಬ್ಬರನ್ನು ನೋಡಿ ಒಬ್ಬರು ಕರೆ ಹಾಕಿದರು. ಕೆಲವರು ಕನ್ನಡದಲ್ಲಿ, ಕೆಲವರು ತೆಲುಗಿನಲ್ಲಿ, ಬಹಳ ಮಂದಿ ಎರಡನ್ನೂ ಕಲಸಿ ಕರೆದರು. ಒಬ್ಬರಂತೂ ಕರೆಯುತ್ತ ಕರೆಯುತ್ತ ತಮ್ಮ ನೆರೆಹೊಲದವನನ್ನು ಬೈದುಬಿಟ್ಟಿದ್ದರು, ಅಷ್ಟನ್ನು ಮಾತ್ರ ಕತ್ತರಿಸಿದೆವು. ಆಮೇಲೆ ನೋಡುವವರು ಕಡಿಮೆಯಾಗುತ್ತ ಬಂದರು. ಹೊಸ ಕರೆಗಳೂ ನಿಂತವು. ಯೋಜನೆಯ ಅವಧಿ ಮುಗಿಯುವ ಮುಂಚೆ ಪರಿಶೀಲನೆಗೆ ಒಬ್ಬ ಅಧಿಕಾರಿ ಬಂದಾಗ ಎಷ್ಟು ಜನ ಪುಟ ನೋಡಿದರೆಂದು ಪರದೆಯ ಮೇಲೆ ತೋರಿಸುವ ಗೆರೆ ಏರಿ, ಇಳಿದು, ನೆಲ ಹಿಡಿದು ಮಲಗಿತ್ತು. ಜನ ಬಳಸುತ್ತಿಲ್ಲ ಎಂದು ಅವರು ಬರೆದರೆ ಮುಂದಿನ ಹಂತದಲ್ಲಿ ಆ ಪುಟಕ್ಕೆ ಜಾಗವಿಲ್ಲ.

ಅಧಿಕಾರಿ ಕೆಟ್ಟವರಲ್ಲ. ದಾರಿಯ ಧೂಳು ಕುಡಿದು ದಣಿದು ಬಂದಿದ್ದರು, ಮಾತು ಮೆತ್ತಗಿತ್ತು. ಗೆರೆ ಯಾಕೆ ಬಿತ್ತು ಎಂದು ಕೇಳಿದರು. ಮೇಡಂ ನನ್ನ ಕಡೆ ನೋಡಿದರು.

“ಲಗ್ನ ಆದ ಮ್ಯಾಲ ಕಾರ್ಡ್ ತಗದು ಯಾರ್ ಓದ್ತಾರ್ರಿ ಸಾರ್?” ಎಂದೆ.

ಅಧಿಕಾರಿಗೆ ಕನ್ನಡ ಬರುತ್ತಿತ್ತು, ನಕ್ಕರು. ಸಂಗಣ್ಣನಿಗೆ ಲಕ್ಕವ್ವನ ನಂಬರ್ ಗೊತ್ತಾದ ಮೇಲೆ ಅವರು ವೆಬ್‌ಸೈಟಿಗೆ ಯಾಕೆ ಬರಬೇಕು, ಒಬ್ಬರನ್ನೊಬ್ಬರು ಕೂಡಿಸುವುದೇ ನಮ್ಮ ಕೆಲಸವಾದರೆ ಗೆರೆ ಬಿದ್ದದ್ದೇ ಕೆಲಸವಾದದ್ದಕ್ಕೆ ಸಾಕ್ಷಿಯಲ್ಲವೇ ಎಂದು ವಿವರಿಸಿದೆ. ಅವರು ಒಪ್ಪಿದ ಹಾಗೆ ತಲೆಯಾಡಿಸಿ, ಅವಳನ್ನೇ ಕೇಳೋಣ ಎಂದರು. ಫೋನ್ ಹಚ್ಚಿದೆವು. ಲಕ್ಕವ್ವ ಆಗ ಸಂಗಣ್ಣನ ಹೊಲದಲ್ಲೇ ಇದ್ದಳು, ಕುರಿಗಳ ಸದ್ದು ಕೋಣೆಯ ತುಂಬ ಕೇಳಿಸಿತು. ವೆಬ್‌ಸೈಟ್ ನೋಡುತ್ತೀಯಾ ಅವ್ವ ಎಂದು ಅಧಿಕಾರಿ ಕೇಳಿದರು.

“ಇಲ್ರಿ. ಯಾಕ ನೋಡ್ಲಿ? ಹೊಲದ ಅಣ್ಣ ತಾನ ಫೋನ್ ಮಾಡಿ ಕರೀತಾನಲ್ರಿ.”

ಇಷ್ಟು ವರ್ಷದಲ್ಲಿ ಅಷ್ಟು ಕನ್ನಡ ಅರ್ಥವಾಗುತ್ತಿದ್ದ ಮೇಡಂ ಕಣ್ಣು ಮುಚ್ಚಿಕೊಂಡರು. ಅವಳು ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಹೇಳಿದ್ದನ್ನೇ ಹೇಳಿದ್ದಳು, ಆದರೆ ವರದಿಯಲ್ಲಿ ಅದು ‘ಬಳಸುತ್ತಿಲ್ಲ’ ಎಂದೇ ಆಗುತ್ತದೆ. ಅಧಿಕಾರಿ ಹೊರಡುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ಮಾತು ಸರಿ, ಆದರೆ ಅದನ್ನು ಬರೆಯುವುದಕ್ಕೆ ನನ್ನ ಕಾಗದದಲ್ಲಿ ಕಾಲಮ್ಮಿಲ್ಲ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಕಾಗದದ ಮೇಲೆ ಇದೆ, ಇನ್ನೂ ಇದೆ.

ಪುಟ ಮುಚ್ಚಿತು. ಸ್ವಲ್ಪ ದಿನಕ್ಕೆ ಯೋಜನೆಯೂ ಮುಗಿದು, ನಾನು ನಿವೃತ್ತನಾದೆ. ಹೋಗುವ ಮುಂಚೆ ಖಲೀಲ್ ಒಂದು ಒಳ್ಳೆಯ ಕೆಲಸ ಮಾಡಿದ. ಕರೆ ಹಾಕಿದ್ದ ಹೊಲದವರಿಗೆಲ್ಲ ಅವರವರ ಧ್ವನಿಯನ್ನು ಅವರವರ ಫೋನಿಗೆ ಕಳಿಸಿಕೊಟ್ಟ. ವೆಬ್‌ಸೈಟ್ ಮುಚ್ಚುವ ದಿನ ಬಂದೇ ಬರುತ್ತದೆ, ಈ ಕೆಲಸಕ್ಕೆ ಬರುವ ನೀವು ಅದನ್ನು ಮೊದಲ ದಿನವೇ ತಿಳಿದಿರಿ. ಊರೂರ ಗೋಡೆಗಳ ಮೇಲೆ ಬರೆಸಿದ ವೆಬ್‌ಸೈಟಿನ ವಿಳಾಸವನ್ನು ಸುಣ್ಣ ಹೊಡೆಸಿ ಅಳಿಸಿ, ಇಲ್ಲದಿದ್ದರೆ ನಾಳೆ ಆ ವಿಳಾಸವನ್ನು ಯಾವನೋ ಜೂಜಿನವನು ಕೊಂಡು ನಿಮ್ಮ ಹೆಸರಿನಲ್ಲಿ ಅಂಗಡಿ ಇಡುತ್ತಾನೆ. ಜನರಿಂದ ತೆಗೆದುಕೊಂಡದ್ದನ್ನು ಜನರಿಗೆ ಹಿಂದಿರುಗಿಸಿ ಬನ್ನಿ. ಇಷ್ಟೆಲ್ಲ ಉಪದೇಶ ಮಾಡುತ್ತೇನಾದರೂ, ಮುಚ್ಚಿದ ಆ ಪುಟ ನೆನಪಾದಾಗಲೆಲ್ಲ, ಇಷ್ಟು ವರ್ಷ ಮಾಡಿದ್ದೆಲ್ಲ ಎಲ್ಲಿ ಹೋಯಿತು ಎನ್ನಿಸುತ್ತಿತ್ತು.

ಮೊನ್ನೆ ಒಂದು ಮುಂಜಾನೆ ಮನೆಯ ಬಾಗಿಲಲ್ಲಿ ಯಾರೋ ಜೋರಾಗಿ ಕೆಮ್ಮಿದರು. ಹೊರಗೆ ಬರುವ ಮೊದಲೇ ಯಾರೆಂದು ಗೊತ್ತಾಯಿತು. ಎಷ್ಟು ಸಲ ಕೇಳಿದ ಕೆಮ್ಮು ಅದು. ಸಂಗಣ್ಣ ನಿಂತಿದ್ದರು, ಹೆಗಲಿಗೆ ಹೊಸ ಟವೆಲ್. ಪಕ್ಕದಲ್ಲಿ ಲಕ್ಕವ್ವ, ಕೈಯಲ್ಲಿ ಕುಂಕುಮದ ಭರಣಿ. ಅವಳ ಮಗಳ ಲಗ್ನ ಗೊತ್ತಾಗಿದೆ, ಕರೆಯಲು ಬಂದಿದ್ದಾರೆ. ಗಂಡನಿಗೆ ಊರೂರು ತಿರುಗಲು ಕಾಲಾಗದು. ಕರೆಯಲು ಮನೆಯ ಹಿರಿಯರೊಬ್ಬರು ಬೇಕಲ್ಲ, ಸಂಗಣ್ಣ ತಾಂಡೂರಿನಿಂದ ಬಂದಿದ್ದರು.

ಹಳೆಯ ಚಟ, ಕಾರ್ಡ್ ತೋರಿಸಿ, ಅಕ್ಷರ ಹೇಗೆ ಜೋಡಿಸಿದ್ದಾರೆ ನೋಡೋಣ ಎಂದೆ. ಕಾರ್ಡ್ ಇನ್ನೂ ಛಾಪಾ ಆಗಿಲ್ಲ, ಬಾಯಿಂದ ಕರೆಯಲು ಬಂದಿದ್ದೇವೆ ಎಂದಳು ಲಕ್ಕವ್ವ. ಚಹಾ ಕುಡಿಯುತ್ತ ಹಳೆಯ ಮಾತು ಬಂತು. ಕಂಪ್ಯೂಟರಿನಲ್ಲಿ ಧ್ವನಿ ಹಾಕಿದ್ದಿರಲ್ಲ, ಅದಕ್ಕೆ ಏನೋ ಹೆಸರಿತ್ತಲ್ಲ, ಏನದು ಎಂದು ಅವಳು ಸಂಗಣ್ಣನನ್ನು ಕೇಳಿದಳು. ಅವರು ಸೂರು ನೋಡಿ ಯೋಚಿಸಿದರು. ಅವರಿಗೂ ನೆನಪಾಗಲಿಲ್ಲ. ನನಗೆ ನಗು ಬಂತು, ನಾನೂ ಹೇಳಲಿಲ್ಲ. ನಿಮಗೆ ಈ ತಿರುಗಾಟ ಯಾಕೆ ಬೇಕಿತ್ತು ಎಂದು ಸಂಗಣ್ಣನನ್ನು ಛೇಡಿಸಿದೆ.

“ತಂಗಿ ಮನಿ ಲಗ್ನರಿ,” ಎಂದರು ಅವರು. “ಅಣ್ಣ ಕರೀಲಿಲ್ಲಂದ್ರ ಯಾರ್ ಕರೀತಾರ?”

ಲಕ್ಕವ್ವ ನನ್ನ ಹಣೆಗೆ ಕುಂಕುಮ ಇಟ್ಟಳು. ಸಂಗಣ್ಣ ಅಂಗೈಗೆ ಅಕ್ಷತೆ ಹಾಕಿ, ಒಂದು ಸಲ ಕೆಮ್ಮಿ, ಗಂಟಲು ಸರಿಮಾಡಿಕೊಂಡರು.

“ಮನಿ ನಿಮ್ಮದೇ ಅನಕೊಂಡು ಬರ್ರಿ. ತಪ್ಪಸಬ್ಯಾಡ್ರಿ.”

ನನ್ನ ಕಣ್ಣು ತುಂಬಿಬಂದವು. ಯಾವ ಪುಟವೂ ಇಲ್ಲದೆ, ಯಾವ ಗುಂಡಿಯೂ ಇಲ್ಲದೆ ಆ ಧ್ವನಿ ನನ್ನ ಪಡಸಾಲೆಯಲ್ಲಿ ಕರೆಯುತ್ತಿತ್ತು. ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅಂದೆ:

“ಕರದೀರಿ, ಬರ್ತೀನ್ರಿ.”